ಸ್ಪೀಕರ್ ಬೆನ್ನಿನ ಹಿತ್ತಾಳೆ ಪಟ್ಟಿಗೆ ನಾನು ತೆತ್ತ ದಂಡ

ಏಳು ಚಾನೆಲ್‌ನ ರಿಸೀವರ್ (ಏಳು ಸ್ಪೀಕರ್‌ಗೆ ಬೇರೆ ಬೇರೆ ಪವರ್ ಕೊಡುವ ಆಂಪ್ಲಿಫೈಯರ್ ಪೆಟ್ಟಿಗೆ) ಇದೆ, ಐದು ಮಾತ್ರ ಬಳಸುತ್ತಿದ್ದೇನೆ, ಉಳಿದ ಎರಡರಿಂದ ಟವರ್ ಸ್ಪೀಕರ್‌ಗಳನ್ನು ಬೈ-ಆಂಪ್ ಮಾಡೋಣ, ಅಂದರೆ ಒಂದೇ ಸ್ಪೀಕರ್‌ಗೆ ಎರಡೆರಡು ಚಾನೆಲ್ ಕೊಡೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಾನು ಮಾಡಿ ನೋಡಿದೆ. ರಿಪೇರಿಗೆ 11,500 ರೂಪಾಯಿ ಹೋಯಿತು. ಸದ್ದಿನಲ್ಲಿ ಗಿಟ್ಟಿದ್ದು ಏನೂ ಇಲ್ಲ.

ನನ್ನ ಸ್ಪೀಕರ್ ಹಿಂದೆ ಎರಡರ ಬದಲು ನಾಲ್ಕು ಟರ್ಮಿನಲ್ ಇವೆ. ಮೇಲಿನ ಜೋಡಿ ತೆಳು ಸದ್ದಿನ ಟ್ವೀಟರ್‌ಗೆ, ಕೆಳಗಿನದು ಬಾಸ್‌ನ ವೂಫರ್‌ಗೆ. ಎರಡನ್ನೂ ಸೇರಿಸಲು ಹಿತ್ತಾಳೆಯ ಪುಟ್ಟ ಪಟ್ಟಿಗಳು. ನಾನು ಅಂಗಡಿಗೆ ಹೋಗಿದ್ದು ಐದು ಚಾನೆಲ್‌ನ ರಿಸೀವರ್ ತರಲು. "ಸರ್, ಏಳರದ್ದು ತಗೊಳ್ಳಿ. ಪಟ್ಟಿ ತೆಗೆದು ಬೈ-ಆಂಪ್ ಮಾಡಿದ್ರೆ ಪವರ್ ಡಬಲ್" ಅಂದರು ಅಂಗಡಿಯವರು. ಡಬಲ್ ಅಂದ ಕೂಡಲೇ ಕಿವಿ ನೆಟ್ಟಗಾಗುತ್ತದೆ, ಅಲ್ವಾ? 14,000 ಜಾಸ್ತಿ ಕೊಟ್ಟು ತಂದೆ. ಜೊತೆಗೆ ಇನ್ನೊಂದು ಸುತ್ತು 14 ಗೇಜ್ ತಾಮ್ರದ ವೈರು.

ಮೊದಲ ದಿನ ಚೆನ್ನಾಗಿಯೇ ಕೇಳಿಸಿತು. ಮನೆಯವರನ್ನೆಲ್ಲ ಕೂರಿಸಿ ಕೇಳಿಸಿದೆ. ಹಳೇ ವೈರಿನ ತುದಿ ಕಪ್ಪಾಗಿತ್ತು, ಅದನ್ನು ಹೊಸದಾಗಿ ಸುಲಿದು ಬಿಗಿಯಾಗಿ ಕಟ್ಟಿದ್ದೆ. ಖುಷಿಗೆ ವಾಲ್ಯೂಮ್ ಕೂಡ ಎರಡು ಮೂರು ಗೀಟು ಜಾಸ್ತಿ ಇಟ್ಟಿದ್ದೆ. ಇವೆರಡೇ ಸಾಕಿತ್ತು ಅಂತ ಈಗ ಗೊತ್ತಾಗುತ್ತಿದೆ.

ಕೆಟ್ಟಿದ್ದು ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವಾಗ. ಎಲ್ಲ ಬಿಚ್ಚಿಟ್ಟಿದ್ದೆವು. ಆ ಪಟ್ಟಿಗಳು ಕಳೆದುಹೋಗದಿರಲಿ ಅಂತ ಅಕ್ಕನ ಮಗ ಎಡಗಡೆ ಸ್ಪೀಕರ್‌ಗೆ ಅವನ್ನು ಮತ್ತೆ ಕೂರಿಸಿದ್ದ. ಪಾಪ, ಒಳ್ಳೇ ಯೋಚನೆಯೇ. ನಾನು ಮರಳಿ ಕಟ್ಟುವಾಗ ಗೋಡೆ ಪಕ್ಕದ ಕತ್ತಲಲ್ಲಿ ಅದನ್ನು ನೋಡಲೇ ಇಲ್ಲ. ಅದು ಸಾಲದು ಅಂತ, ನಡುವೆ ಯಾವಾಗಲೋ ರಿಸೀವರ್ ರೀಸೆಟ್ ಮಾಡಿದ್ದೆ. ಬೈ-ಆಂಪ್ ಸೆಟ್ಟಿಂಗ್ ಅಳಿಸಿಹೋಗಿ, ಆ ಎರಡು ಚಾನೆಲ್ ಮತ್ತೆ ಸರೌಂಡ್ ಬ್ಯಾಕ್, ಅಂದರೆ ಕೂತವರ ಹಿಂದಿನ ಸ್ಪೀಕರ್‌ಗಳ ಚಾನೆಲ್ ಆಗಿದ್ದವು.

ಹಾಡು ಹಾಕಿದೆ. ಸ್ಟೀರಿಯೋದಲ್ಲಿ ಸರೌಂಡ್ ಬ್ಯಾಕ್‌ಗೆ ಸಿಗ್ನಲ್ ಇಲ್ಲ. ಆದರೆ ಸುಮ್ಮನಿರುವ ಆಂಪ್ಲಿಫೈಯರ್‌ನ ಔಟ್‌ಪುಟ್ ತೆರೆದ ತಂತಿಯಂತಲ್ಲ. ಇನ್ನೊಂದು ಚಾನೆಲ್ ಅದರೊಳಗೆ ಕರೆಂಟ್ ತಳ್ಳಿದರೆ, ಹೆಚ್ಚುಕಡಿಮೆ ಶಾರ್ಟ್ ಆದಂತೆಯೇ. ಪಟ್ಟಿ ಎರಡೂ ಚಾನೆಲ್‌ಗಳನ್ನು ಸೇರಿಸಿತ್ತು. 'ಟಿಕ್' ಅಂತ ರಿಲೇ (ಒಳಗಿನ ಸ್ವಿಚ್) ಬಿದ್ದು ರಿಸೀವರ್ ಪ್ರೊಟೆಕ್ಷನ್‌ಗೆ ಹೋಯಿತು, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಂತಿತು. ನಾನಾದರೂ ಅಲ್ಲಿಗೇ ನಿಲ್ಲಿಸಬೇಕಿತ್ತು. ಮತ್ತೆ ಆನ್ ಮಾಡಿದೆ. ಮತ್ತೆ ಟಿಕ್. ನಾಲ್ಕನೇ ಸಲ ಟಿಕ್ ಬರಲಿಲ್ಲ, ಸುಟ್ಟ ವಾಸನೆ ಬಂತು. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಿತ್ತು. ವೈರಿಂಗ್ ತಪ್ಪಾಗಿದ್ದರೆ ವಾರಂಟಿ ಇಲ್ಲ ಅಂದರು. ಹಾಗೆ ಅಂದಿದ್ದರಲ್ಲಿ ತಪ್ಪೂ ಇಲ್ಲ. ಪಟ್ಟಿ ತೆಗೆಯಲೇಬೇಕು ಅಂತ ಮ್ಯಾನುಯಲ್‌ನಲ್ಲಿ ದಪ್ಪಕ್ಷರದಲ್ಲೇ ಇತ್ತು.

ಇಷ್ಟಾದ ಮೇಲೆ ಈ 'ಡಬಲ್ ಪವರ್' ಅಂದರೇನು ಅಂತ ಕೂತು ತಿಳಿದುಕೊಂಡೆ. ರಿಸೀವರ್ ಒಳಗೆ ಏಳು ಚಾನೆಲ್ ಇದ್ದರೂ ಪವರ್ ಸಪ್ಲೈ ಒಂದೇ. ಒಂದೇ ಟ್ಯಾಂಕ್‌ಗೆ ಇನ್ನೊಂದು ನಲ್ಲಿ ಹಾಕಿದರೆ ನೀರು ಜಾಸ್ತಿ ಆಗುತ್ತದೆಯೇ? ಇನ್ನೊಂದು ವಿಷಯ. ಎರಡೂ ಚಾನೆಲ್‌ಗೆ ಹೋಗುವುದು ಅದೇ ಪೂರ್ತಿ ಸಿಗ್ನಲ್. ಬಾಸ್ ಬೇರೆ, ಟ್ರೆಬಲ್ ಬೇರೆ ಆಗುವುದು ಸ್ಪೀಕರ್ ಒಳಗಿನ ಕ್ರಾಸೋವರ್‌ನಲ್ಲಿ, ಆಂಪ್ಲಿಫೈಯರ್ ಕೆಲಸ ಮುಗಿದ ಮೇಲೆ. ಹಾಗಾಗಿ ಒಂದು ಚಾನೆಲ್ ಯಾವ ವೋಲ್ಟೇಜ್‌ನಲ್ಲಿ ಕ್ಲಿಪ್ ಆಗುತ್ತದೋ (ಮಿತಿ ಮುಟ್ಟಿ ಸದ್ದು ಒಡೆಯುತ್ತದೋ) ಇನ್ನೊಂದೂ ಸುಮಾರು ಅಲ್ಲೇ ಆಗುತ್ತದೆ. ಟ್ವೀಟರ್ ಕುಡಿಯುವ ಕರೆಂಟ್ ಹೇಗೂ ಕಡಿಮೆ, ಅದನ್ನು ಬೇರೆ ಚಾನೆಲ್‌ಗೆ ಹೊರಿಸಿದರೆ ವೂಫರ್ ಚಾನೆಲ್‌ನ ಹೊರೆ ಇಳಿಯುವುದು ಅಷ್ಟಕ್ಕಷ್ಟೇ. ಹೋಗಲಿ, ಪವರ್ ನಿಜಕ್ಕೂ ಡಬಲ್ ಆದರೂ ಸಿಗುವುದು 3 ಡೆಸಿಬೆಲ್. ಕಿವಿಗೆ ಡಬಲ್ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್.

ಸಿಗ್ನಲ್ ಅನ್ನು ಮೊದಲೇ ಭಾಗ ಮಾಡಿ, ಒಂದೊಂದು ಡ್ರೈವರ್‌ಗೆ (ಟ್ವೀಟರ್‌ಗೆ, ವೂಫರ್‌ಗೆ) ಒಂದೊಂದು ಆಂಪ್ಲಿಫೈಯರ್ ಕೊಡುವುದು ಬೇರೆಯೇ ಕಥೆ. ಸ್ಟುಡಿಯೋಗಳ ಆಕ್ಟಿವ್ ಮಾನಿಟರ್‌ಗಳು (ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್‌ಗಳು) ಹಾಗಿರುತ್ತವೆ, ಅದರಿಂದ ಲಾಭ ಖಂಡಿತ ಇದೆ. ನಮ್ಮ ರಿಸೀವರ್ ಮೆನುವಿನಲ್ಲಿ ಇರುವುದು ಅದಲ್ಲ.

ರಿಪೇರಿಯಾಗಿ ಬಂದ ಮೇಲೆ ಒಂದು ಭಾನುವಾರ ತಮ್ಮನನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ನಾನು ರೂಮಿನಿಂದ ಹೊರಗೆ ಹೋಗುವುದು, ಅವನು ವೈರು ಬದಲಾಯಿಸುವುದು, ಇಲ್ಲವೇ ಬದಲಾಯಿಸಿದಂತೆ ನಟಿಸುವುದು. ಸದ್ದಿನ ಮಟ್ಟ ಫೋನ್ ಆ್ಯಪ್‌ನಲ್ಲಿ 75 ಡೆಸಿಬೆಲ್‌ಗೆ ಕೂರಿಸಿದ್ದೆವು. ಹಾಕಿದ್ದು ಮೃದಂಗ, ಘಟದ ತನಿ ಆವರ್ತನ. ಹತ್ತರಲ್ಲಿ ನಾನು ಸರಿ ಹೇಳಿದ್ದು ನಾಲ್ಕು. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತೇನೋ. ವೈರು ಬದಲಾಯಿಸಿ ಬದಲಾಯಿಸಿ ಬೆರಳು ನೊಂದ ತಮ್ಮ ಇನ್ನೂ ಆಡಿಕೊಳ್ಳುತ್ತಾನೆ.

ಈಗ ಪಟ್ಟಿ ಅದರ ಜಾಗದಲ್ಲಿದೆ. ಉಳಿದ ಎರಡು ಚಾನೆಲ್ ಚಾವಣಿಯ ಆಟ್ಮೋಸ್ ಸ್ಪೀಕರ್‌ಗಳಿಗೆ ಹೋಗಿವೆ, ಆ ಹೊಸ ವೈರೂ ಅಲ್ಲೇ ಬಳಕೆಯಾಯಿತು. ಟವರ್‌ಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದೆ, ರಿಸೀವರ್‌ನ ಕ್ರಾಸೋವರ್ ಸೆಟ್ಟಿಂಗ್ 80 ಹರ್ಟ್ಜ್‌ಗೆ ಇಟ್ಟು ಕೆಳಗಿನ ಬಾಸ್ ಎಲ್ಲ ಸಬ್‌ವೂಫರ್‌ಗೆ ಕಳಿಸಿದೆ. ಗುಂಯ್‌ಗುಡುವುದು ನಿಂತಿತು. ಇದಕ್ಕೆ ಖರ್ಚು ಸೊನ್ನೆ.

ಇಷ್ಟು ಹೇಳಿದರೂ ಮಾಡಿಯೇ ನೋಡುತ್ತೇನೆ ಅನ್ನುವವರು ಇದ್ದೇ ಇರುತ್ತೀರಿ. ಹಾಗಾದರೆ ವೈರು ಕಟ್ಟುವ ಮೊದಲು ಮಲ್ಟಿಮೀಟರ್ ಅನ್ನು ಬೀಪ್ ಸೆಟ್ಟಿಂಗ್‌ಗೆ ಹಾಕಿ, ಸ್ಪೀಕರ್‌ನ ಮೇಲಿನ ಕೆಂಪು ಟರ್ಮಿನಲ್‌ಗೂ ಕೆಳಗಿನ ಕೆಂಪಿಗೂ ಮುಟ್ಟಿಸಿ. ಎರಡೂ ಸ್ಪೀಕರ್‌ಗೆ. ಬೀಪ್ ಬಂದರೆ ಪಟ್ಟಿ ಇನ್ನೂ ಅಲ್ಲೇ ಇದೆ, ರಿಸೀವರ್ ಮುಟ್ಟಬೇಡಿ.