ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಚಂದಾ: ಪೂರ್ತಿ ಹಣ, ಮಸುಕು ಚಿತ್ರ

ತೀರ್ಥಹಳ್ಳಿಯಿಂದ ಒಳಗಿರುವ ನಮ್ಮೂರಿಗೆ ಫೈಬರ್ ಬಂದಾಗಲೇ ದೊಡ್ಡ ವಿಡಿಯೊ ಸೇವೆಯೊಂದರ ಎಚ್‌ಡಿ ಚಂದಾ ಮಾಡಿಸಿದ್ದೆ. ಅಂದಿನಿಂದಲೂ ನೋಡುವುದು ವಿಂಡೋಸ್ ಬದಲು ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿದ ಲ್ಯಾಪ್‌ಟಾಪ್‌ನಲ್ಲಿ, ಹೆಚ್ಚಾಗಿ ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ. ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ತರಹದ ಯಂತ್ರ ಇಟ್ಟುಕೊಂಡವರಿಗೆ ಬೇರೆ ಸೇವೆಗಳಲ್ಲೂ ಇಂಥ ಅನುಭವ ಆಗಬಹುದು.

ಚಿತ್ರಗಳ ಆಯ್ಕೆ ಚೆನ್ನಾಗಿದೆ, ಕನ್ನಡದವೂ ಸಾಕಷ್ಟು ಸಿಗುತ್ತವೆ, ಹಣ ಕಡಿತದಲ್ಲಿ ಗೋಜಲಿಲ್ಲ. ತಕರಾರು ಇರುವುದು ಚಿತ್ರದ ಗುಣಮಟ್ಟದಲ್ಲಿ. ರಾತ್ರಿಯ ದೃಶ್ಯ ಬಂದರೆ ಕತ್ತಲೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ, ಮಳೆಯ ಹನಿಗಳು ಕಲಸಿದ ಬೂದು ಬಣ್ಣವಾಗುತ್ತವೆ. ತಮಾಷೆಯೆಂದರೆ ಕೆಳಗಿನ ಉಪಶೀರ್ಷಿಕೆ ಮಾತ್ರ ಅಚ್ಚು ಹೊಡೆದಷ್ಟು ಸ್ಪಷ್ಟ. ಅಕ್ಷರಗಳು ಬೇರೆ ಕಡತವಾಗಿ ಬರುತ್ತವೆ, ಬ್ರೌಸರ್ ಅವನ್ನು ತಾನೇ ಬರೆಯುತ್ತದೆ, ನಕಲು ತಡೆಯಲು ಚಿತ್ರಕ್ಕೆ ಹಾಕುವ ಗುಪ್ತಲಿಪಿಯ ಬೀಗ ಅವಕ್ಕಿಲ್ಲ. "ದುಡ್ಡು ಕೊಟ್ಟಿದ್ದೀಯಲ್ಲ, ಮುಖಗಳು ಯಾಕೆ ಹೀಗೆ ಕಾಣುತ್ತವೆ?" ಎಂದು ಅಮ್ಮ ಕೇಳಿದರೆ, ನೆಟ್ ಸರಿಯಿಲ್ಲ ಎಂದು ಜಾರಿಕೊಳ್ಳುವಂತೆಯೂ ಇಲ್ಲ. ಅದೇ ಫೈಬರ್‌ನಲ್ಲಿ ಪಕ್ಕದ ಕೋಣೆಯ ಟಿವಿಗೆ ನಿಚ್ಚಳವಾದ ಚಿತ್ರ ಬರುತ್ತದೆ.

ಫೈರ್‌ಫಾಕ್ಸ್‌ನಂಥ ಓಪನ್ ಸೋರ್ಸ್ ಬ್ರೌಸರ್ ದುರ್ಬಲ, ಅದಕ್ಕೇ ಹೀಗೆ ಎನ್ನುವವರಿದ್ದಾರೆ. ಅದು ತಪ್ಪು. ನನ್ನ ಬ್ಯಾಂಕ್ ವ್ಯವಹಾರವೆಲ್ಲ ನಡೆಯುವುದು ಅದೇ ಫೈರ್‌ಫಾಕ್ಸ್‌ನಲ್ಲಿ. ಆದರೆ ಅಲ್ಲಿ ನಾನೂ ಬ್ಯಾಂಕೂ ಒಂದು ಕಡೆ, ಕಳ್ಳ ಇನ್ನೊಂದು ಕಡೆ. ವಿಡಿಯೊದಲ್ಲಿ ಬೀಗದ ಕೈ ಬರುವುದು ನನ್ನ ಯಂತ್ರಕ್ಕೇ, ಅದನ್ನು ಬಚ್ಚಿಡಬೇಕಾಗಿರುವುದೂ ನನ್ನಿಂದಲೇ. ಮೂಲಸಂಕೇತ ಎಲ್ಲರ ಕೈಗೆ ಸಿಗುವ ಬ್ರೌಸರ್‌ನಲ್ಲಿ ಆ ಗುಟ್ಟು ಉಳಿಯುವುದಿಲ್ಲ. ಬಿಡಿಸಿದ ಚಿತ್ರವನ್ನು ಪರದೆಗೆ ಕಳಿಸುವ ಸಂಕೇತದ ಸಾಲನ್ನು ತಿದ್ದಿ ಕಡತಕ್ಕೆ ಕಳಿಸಿದರೆ ಮುಗಿಯಿತು, ನಕಲು ಸಿದ್ಧ.

ಹಾಗಾಗಿ ಬೀಗ ತೆಗೆಯುವ ಕೆಲಸವನ್ನು ಮುಚ್ಚಿದ ಪುಟ್ಟ ತಂತ್ರಾಂಶವೊಂದಕ್ಕೆ ವಹಿಸಿದ್ದಾರೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಅದು ವೈಡ್‌ವೈನ್. ಆ ಕಂಪನಿಯನ್ನು ಗೂಗಲ್ 2010ರಲ್ಲಿ ಕೊಂಡಿತು. ಬ್ರೌಸರ್ ಅದರೊಂದಿಗೆ ಮಾತನಾಡುವ ವಿಧಾನಕ್ಕೆ ಇಎಂಇ ಎಂದು ಹೆಸರು. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಒಕ್ಕೂಟ ಇದಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಅಂತಿಮ ಮುದ್ರೆ ಒತ್ತಿದ ದಿನವೇ ಡಿಜಿಟಲ್ ಹಕ್ಕುಗಳಿಗಾಗಿ ಹೋರಾಡುವ ಇಎಫ್ಎಫ್ ಸಂಸ್ಥೆ ಪ್ರತಿಭಟಿಸಿ ಆ ಒಕ್ಕೂಟದಿಂದ ಹೊರನಡೆಯಿತು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2014ರಲ್ಲೇ ಒಲ್ಲದ ಮನಸ್ಸಿನಿಂದ ಇದನ್ನು ಒಪ್ಪಿಕೊಂಡಿತ್ತು. ಇಲ್ಲದಿದ್ದರೆ ಜನ ಸಿನಿಮಾ ನೋಡಲು ಬೇರೆ ಬ್ರೌಸರ್‌ಗೆ ಹೋಗುತ್ತಿದ್ದರು. ಅವರ ವ್ಯವಸ್ಥೆ ನನಗೆ ಪ್ರಾಮಾಣಿಕ ಅನ್ನಿಸುತ್ತದೆ. ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ಮೊದಲು ಅನುಮತಿ ಕೇಳುತ್ತದೆ, ಹೂಂ ಎಂದರೆ ಮಾತ್ರ ವೈಡ್‌ವೈನ್ ಇಳಿಸಿಕೊಂಡು ಪ್ರತ್ಯೇಕ ಬೇಲಿಯೊಳಗೆ ಓಡಿಸುತ್ತದೆ. ಬೇಡವೆನ್ನಿಸಿದ ದಿನ ತೆಗೆದುಹಾಕಬಹುದು. ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲಿ ಸಿಗುವ ಕ್ರೋಮಿಯಂ ಬ್ರೌಸರ್‌ನಲ್ಲಂತೂ ಅದು ಬರುವುದೇ ಇಲ್ಲ. ಬಹುಪಾಲು ಅದೇ ಸಂಕೇತದಿಂದ ಕಟ್ಟಿದ ಕ್ರೋಮ್‌ನಲ್ಲಿ ಇದೆ.

ವೈಡ್‌ವೈನ್ ಇದ್ದರೂ ಕಥೆ ಮುಗಿಯಲಿಲ್ಲ. ಅದರಲ್ಲಿ ಎಲ್1, ಎಲ್2, ಎಲ್3 ಎಂಬ ಮಟ್ಟಗಳಿವೆ. ಎಲ್1 ಎಂದರೆ ಬೀಗ ತೆಗೆಯುವುದೂ ಚಿತ್ರ ಬಿಡಿಸುವುದೂ ಚಿಪ್‌ನೊಳಗಿನ ಸುರಕ್ಷಿತ ಭಾಗದಲ್ಲೇ ನಡೆಯಬೇಕು. ಒಳ್ಳೆಯ ಫೋನ್, ಟಿವಿಗಳಲ್ಲಿ ಇರುವುದು ಅದು. ಲಿನಕ್ಸ್ ಲ್ಯಾಪ್‌ಟಾಪ್‌ನ ಬ್ರೌಸರ್‌ಗೆ ಸಿಗುವುದು ಬರೀ ತಂತ್ರಾಂಶದ ಎಲ್3. ಎಲ್3ಕ್ಕೆ ಎಷ್ಟು ಸ್ಪಷ್ಟತೆ ಕೊಡಬೇಕೆಂದು ಸೇವೆಯವರು ಚಿತ್ರದ ಹಕ್ಕುದಾರರ ಷರತ್ತು ನೋಡಿ ನಿರ್ಧರಿಸುತ್ತಾರೆ. ಚಿತ್ರಕ್ಕೆ ಒಂದು ಕಡೆ 480, ಇನ್ನೊಂದು ಕಡೆ 720 ಅಡ್ಡಸಾಲು; ಸಾಲು ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ನನ್ನ ಎಚ್‌ಡಿ ಚಂದಾ ಅಲ್ಲಿಗೇ ನಿಲ್ಲುತ್ತದೆ.

ಇದಕ್ಕಿಂತ ಸಿಟ್ಟು ಬರಿಸಿದ್ದು ಗ್ರಾಹಕ ಸೇವೆ. ಕ್ಯಾಶೆ ಅಳಿಸಿ, ಮತ್ತೆ ಲಾಗಿನ್ ಆಗಿ, ಬೇರೆ ಬ್ರೌಸರ್ ಹಾಕಿ ಎಂದು ಅದೇ ರಾಗ. ನಿಮ್ಮ ಯಂತ್ರಕ್ಕೆ ಇಷ್ಟೇ ಸಿಗುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಚಂದಾ ಮಾರುವ ಪುಟದಲ್ಲಿ ಎಚ್‌ಡಿ ದಪ್ಪ ಅಕ್ಷರದಲ್ಲಿದೆ, ಬ್ರೌಸರ್‌ಗಳ ಮಿತಿ ಸಹಾಯ ಪುಟದ ತಳದಲ್ಲಿದೆ.

ಇಷ್ಟು ಬಿಗಿ ಮಾಡಿ ಕಳ್ಳತನ ನಿಂತಿದೆಯೇ? 2019ರ ಆರಂಭದಲ್ಲೇ ಸಂಶೋಧಕರೊಬ್ಬರು ಎಲ್3 ಭೇದಿಸಿದ್ದಾಗಿ ಪ್ರಕಟಿಸಿದರು. ಕದ್ದ ಪ್ರತಿ ಯಾವ ಬ್ರೌಸರ್‌ನಲ್ಲಾದರೂ ಪೂರ್ತಿ ಸ್ಪಷ್ಟತೆಯಲ್ಲಿ ಓಡುತ್ತದೆ, ಹಣ ಕೊಟ್ಟವನಿಗೆ ಮಸುಕು. ಹಾಗೆಂದು ಬೀಗ ಒಡೆಯುವ ಉಸಾಬರಿಗೆ ನಾನು ಹೋಗಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನಂತೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ.

ಮಳೆಗಾಲದ್ದೊಂದು ಮಾತು. ನಮ್ಮಲ್ಲಿ ಜುಲೈನಲ್ಲಿ ಮರ ಬಿದ್ದು ಕರೆಂಟೂ ಫೈಬರೂ ಒಟ್ಟಿಗೆ ಹೋಗುವುದು ಮಾಮೂಲು. ಮೊದಲೇ ಇಳಿಸಿಟ್ಟುಕೊಂಡು ನೋಡೋಣವೆಂದರೆ ಈ ಸೇವೆಯ ಡೌನ್‌ಲೋಡ್ ಗುಂಡಿ ಮೊಬೈಲ್ ಆಪ್‌ನಲ್ಲಿದೆ, ಬ್ರೌಸರ್‌ನಲ್ಲಿಲ್ಲ. ದೊಡ್ಡ ಪರದೆಯೂ ಬ್ಯಾಟರಿಯೂ ಇರುವ ಲ್ಯಾಪ್‌ಟಾಪ್ ಸುಮ್ಮನೆ ಕೂರುತ್ತದೆ, ಮನೆಯವರೆಲ್ಲ ಫೋನಿಗೆ ಮುತ್ತಿಕೊಳ್ಳುತ್ತೇವೆ.

ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ಟಿವಿಯಲ್ಲಿ ನೋಡುವವರು ಇನ್ನೊಂದೂವರೆ ಸೇರಿಸಿಕೊಳ್ಳಬಹುದು. ಲಿನಕ್ಸ್‌ನಲ್ಲೇ ನೋಡುವವರು ಲ್ಯಾಪ್‌ಟಾಪ್‌ನಲ್ಲಿ ಓಡುವ ಯೋಜನೆಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನು ತೆಗೆದುಕೊಳ್ಳಿ. ಮೇಲಿನದಕ್ಕೆ ಕೊಟ್ಟ ಹಣಕ್ಕೆ ನಿಮ್ಮ ಪರದೆಯ ಚಿತ್ರ ಹೆಚ್ಚೇನೂ ಬದಲಾಗುವುದಿಲ್ಲ. ಈ ಸಲ ನವೀಕರಿಸುವಾಗ ನಾನೂ ಅದನ್ನೇ ಆರಿಸಿಕೊಂಡಿದ್ದೇನೆ.