ತುಮಕೂರಿಗೂ ಬಂದ ಮಬ್ಬು ಐಪಿಎ

ತುಮಕೂರಿನ ಬಿ.ಎಚ್. ರಸ್ತೆಯ ಮದ್ಯದಂಗಡಿಯೊಂದರಲ್ಲಿ ಈಗ ಸ್ಟ್ರಾಂಗ್ ಬಿಯರ್‌ಗಳ ಸಾಲಿನ ಪಕ್ಕದಲ್ಲೇ ಹೇಜಿ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಬಿಯರ್‌ನ ಮಬ್ಬು ಬಗೆಯ ಕ್ಯಾನ್‌ಗಳೂ ದೊರೆಯುತ್ತಿವೆ. ಲೋಟಕ್ಕೆ ಸುರಿದರೆ ಮಬ್ಬು ಹಳದಿ ಬಣ್ಣ, ಮಾವು-ಮೂಸಂಬಿಯ ಪರಿಮಳ. ಕಹಿ ಮಾತ್ರ ನೆಪಕ್ಕಷ್ಟೇ. 1980ರ ಹೊತ್ತಿಗೆ ಅಮೆರಿಕದ ಸಿಯೆರಾ ನೆವಾಡಾ ಪೇಲ್ ಏಲ್ ಬಿಯರ್, ಕ್ಯಾಸ್ಕೇಡ್ ತಳಿಯ ಹಾಪ್ಸ್‌ನಿಂದ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ತೆರೆದ ದಾರಿ ಮುಂದೆ ಪೈನ್ ಮರದ ವಾಸನೆಯ, ಕಡುಕಹಿಯ, ಅಮೆರಿಕದ ಪಶ್ಚಿಮ ಕರಾವಳಿಯ ‘ವೆಸ್ಟ್ ಕೋಸ್ಟ್’ ಐಪಿಎಗಳತ್ತ ಸಾಗಿತು. ಬಳಿಕ ಅಲ್ಲಿನ ವರ್ಮಾಂಟ್ ರಾಜ್ಯದಲ್ಲಿ, ಕುದಿಸುವಾಗ ಹಾಪ್ಸ್ ಹಾಕುವುದನ್ನು ತಗ್ಗಿಸಿ ಹುದುಗುವಾಗ ಧಾರಾಳವಾಗಿ ಸೇರಿಸುವ ಕ್ರಮ ಬೆಳೆದು, 2018ರಲ್ಲಿ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಈ ಮಬ್ಬು ಬಿಯರ್‌ಗೆ ಪ್ರತ್ಯೇಕ ವರ್ಗವನ್ನೇ ಕೊಟ್ಟಿತು. ಹಾಪ್ಸ್‌ನ ಪರಿಮಳ ಸೆಕೆಗೆ ಬೇಗ ಕೆಡುವುದರಿಂದ, ತಯಾರಿಕೆಯ ದಿನಾಂಕ ನೋಡಿ, ಫ್ರಿಜ್‌ನಲ್ಲಿಟ್ಟ ಕ್ಯಾನನ್ನೇ ಕೇಳಿ ಪಡೆಯಬೇಕು. ಕಪಾಟಿನಲ್ಲಿ ಬೆಚ್ಚಗೆ ಕುಳಿತದ್ದಕ್ಕೆ ತೆರುವ ಹಣ ದಂಡವೇ ಸರಿ. ಮಟನ್ ಚಾಪ್ಸ್ ಜೊತೆಗೆ ನನಗಂತೂ ಹಳೆಯ ಕಹಿಯೇ ಹೆಚ್ಚು ಒಪ್ಪುತ್ತದೆ, ಅಂಗಡಿಯವರು ಅದನ್ನೂ ತರಿಸಲಿ.