ಆರ್‌ಎಕ್ಸ್ 100ಗೆ ಹಳೇ ಫೋರ್ಕ್ ತಗೊಳ್ಳೋ ಮೊದಲು ಓದಿ, ನನ್ನ ಹಾಗೆ ಬಕ್ರಾ ಆಗಬೇಡಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೂ ಇದೆ. ಹದಿನೈದು ವರ್ಷದಿಂದ ಯಮಹಾದ ಹಳೇ ಬೈಕ್ ಆರ್‌ಎಕ್ಸ್ ಓಡಿಸುತ್ತಿದ್ದೇನೆ. ಗೆಳೆಯರು ಹಳೇ ಗಾಡಿ ತಗೊಳ್ಳುವಾಗ ನನ್ನನ್ನೇ ಕರೆದುಕೊಂಡು ಹೋಗುತ್ತಾರೆ, ಇವನು ನೋಡಿದರೆ ಸಾಕು ಅಂತ. ಅಂಥವನು 9,500 ರೂಪಾಯಿ ಕೊಟ್ಟು ಸೊಟ್ಟ ಫೋರ್ಕ್ (ಮುಂದಿನ ಚಕ್ರ ಹಿಡಿದಿರೋ ಎರಡು ಶಾಕ್ ಅಬ್ಸಾರ್ಬರ್ ಕಾಲು) ಹೊತ್ತು ತಂದಿದ್ದೇನೆ. ಹೇಳಿಕೊಳ್ಳೋಕೆ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅದನ್ನು ನನಗೆ ಮಾರಿದ ಮನುಷ್ಯ ಇವತ್ತಿಗೂ ಮಾರುತ್ತಿದ್ದಾನೆ.

ಗಾಡಿ ಅಪ್ಪನದು, 1994ರ ಮಾಡೆಲ್. ಆರು ವರ್ಷ ಶೆಡ್ಡಿನಲ್ಲಿ ನಿಂತು ಮುಂದಿನ ಫೋರ್ಕ್ ಪೈಪಿನ ಕ್ರೋಮ್ ಅಲ್ಲಲ್ಲಿ ತುಕ್ಕು ತಿಂದಿತ್ತು. ಈ ಗಾಡಿ ಬರೋದು ನಿಂತಿದ್ದೇ 1996ರಲ್ಲಿ. ಒರಿಜಿನಲ್ ಸ್ಪೇರ್ ಯಾರ ಹತ್ತಿರ ಇದೆಯೋ ಅವರು ಹೇಳಿದ್ದೇ ರೇಟು. ಅದರಲ್ಲೂ "ಜಪಾನ್ ಮಾಲ್" ಅಂದರೆ ನಮ್ಮಂಥವರಿಗೆ ತಲೆಯೇ ಓಡೋದಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ತುಮಕೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದೆ. ನನ್ನ ಹಳೇ ಫೋರ್ಕ್ ಗೋಣಿಚೀಲದಲ್ಲಿ ಸುತ್ತಿ ಕಾಲ ಕೆಳಗೆ ಇಟ್ಟುಕೊಂಡಿದ್ದೆ. ಯಾಕೆಂದರೆ "ಹಳೇದು ತನ್ನಿ ಸಾರ್, ಎಕ್ಸ್‌ಚೇಂಜ್ ಮಾಡಿಕೊಳ್ತೀನಿ" ಅಂದಿದ್ದ. ಕರೆಸಿದ್ದು ಅಂಗಡಿಗೆ ಅಲ್ಲ, ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ. ಅಲ್ಲೊಂದು ಟ್ಯೂಬ್‌ಲೈಟ್, ಅದೂ ಮಿಣಮಿಣ. ಆಗಲೇ ವಾಪಸ್ ಬರಬೇಕಿತ್ತು.

ಫೋರ್ಕ್ ಎರಡೂ ಪಳಪಳ ಹೊಳೆಯುತ್ತಿದ್ದವು. ಒಂದನ್ನು ನೆಲಕ್ಕೆ ಊರಿ ಮೈ ಭಾರ ಬಿಟ್ಟು ಒತ್ತಿದ. ಇಳಿಯಿತು, ನಿಧಾನಕ್ಕೆ ಮೇಲೆ ಬಂತು. "ನೋಡಿ ಸಾರ್, ಬೆಣ್ಣೆ" ಅಂದ. ನಾನೂ ಒತ್ತಿದೆ. ಬೆಣ್ಣೆಯೇ. ಮೇಲಿನ ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ನೋಡೋಣ ಅಂದರೆ, "ಸೀಲ್ ಹೊಸದು ಹಾಕಿದ್ದೀನಿ ಸಾರ್, ಆಯಿಲ್ ಎಲ್ಲಾ ಚೆಲ್ಲಿಹೋಗುತ್ತೆ, ಸುಮ್ನೆ ಯಾಕೆ" ಅಂದ. ನೆಟ್ಟಗೆ ನಿಲ್ಲಿಸಿ ಮೇಲಿನ ಬೋಲ್ಟ್ ಬಿಚ್ಚಿದರೆ ಆಯಿಲ್ ಹೇಗೆ ಚೆಲ್ಲುತ್ತೆ? ಇದು ನನಗೆ ಗೊತ್ತಿಲ್ಲದ ವಿಷಯವೇ? ಗೊತ್ತಿತ್ತು! ಗೊತ್ತಿದ್ದೂ ಸುಮ್ಮನಾದೆ. ಪೈಪಿನ ಮೇಲೆ ಉಗುರು ಎಳೆದು ನೋಡಲಿಲ್ಲ. ತೆಳ್ಳಗೆ ಗ್ರೀಸ್ ಸವರಿದ್ದ, ಕೈ ಕೊಳೆಯಾಗುತ್ತೆ ಅಂತ ಮುಟ್ಟಲೂ ಇಲ್ಲ. ನನ್ನ ಹಳೇದಕ್ಕೆ 800 ರೂಪಾಯಿ ಕಳೆದುಕೊಂಡು 9,500 ಫೋನ್‌ಪೇ ಮಾಡಿಸಿಕೊಂಡ.

ಮನೆಗೆ ಬಂದು ನಾನೇ ಹಾಕಿದೆ. ಮೂರನೇ ದಿನ ಎಡಗಡೆ ಆಯಿಲ್ ಇಳಿಯಿತು. ಆಯಿಲ್ ಹೊರಗೆ ಬರದ ಹಾಗೆ ತಡೆಯೋ ರಬ್ಬರ್ ಸೀಲ್ ಬದಲಿಸಿದೆ. ವಾರದೊಳಗೆ ಮತ್ತೆ ಇಳಿಯಿತು. ಮತ್ತೆ ಬದಲಿಸಿದೆ. ಹೌದು, ಎರಡು ಸಲ. ಪೈಪ್ ಕೆಟ್ಟಿದೆ ಅಂತ ಹೊಳೆಯಲೇ ಇಲ್ಲ, ಸೀಲ್ ಡೂಪ್ಲಿಕೇಟು ಅಂತ ಸೀಲಿನವನನ್ನು ಬೈದುಕೊಂಡೆ. ಜೊತೆಗೆ ಹ್ಯಾಂಡಲ್ ಎಡಕ್ಕೆ ಎಳೆಯುತ್ತಿತ್ತು. ಹಂಪ್ ಹತ್ತಿದಾಗ ಫೋರ್ಕ್ ಅರ್ಧಕ್ಕೆ ಇಳಿದು ಹಿಡಿದುಕೊಳ್ಳೋದು, ಆಮೇಲೆ "ಟಕ್" ಅಂತ ಬಿಟ್ಟುಕೊಳ್ಳೋದು. ಅಪ್ಪ ಒಂದು ರೌಂಡ್ ಹೋಗಿ ಬಂದು ಹೇಳಿದ್ದು ಒಂದೇ ಮಾತು: "ಹಳೇದೇ ಚೆನ್ನಾಗಿತ್ತಲ್ಲೋ."

ಕೊನೆಗೆ ನಮ್ಮ ಹಳೇ ಗ್ಯಾರೇಜಿನ ಚಾಚಾ ಹತ್ತಿರ ತಗೊಂಡು ಹೋದೆ. ಚಾಚಾ ಮೊದಲು ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಡಬ್ಬಿ ಹಿಡಿದರು. ಫೋರ್ಕ್ ಆಯಿಲ್ ನೀರಿನ ಹಾಗೆ ಸುರಿಯಬೇಕು ಅಲ್ವಾ? ಇದು ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಮೂಸಿ ನೋಡಿ ಚಾಚಾ ನಕ್ಕರು. "ಗೇರ್ ಆಯಿಲ್ ಕಣಪ್ಪಾ. ಒಳಗೆ ಡ್ಯಾಂಪಿಂಗ್ ಸತ್ತಿದೆ, ಕುಲುಕಾಟ ತಡೆಯೋ ಶಕ್ತಿ ಇಲ್ಲ, ಗೊತ್ತಾಗಬಾರದು ಅಂತ ಗಟ್ಟಿ ಆಯಿಲ್ ತುಂಬಿದ್ದಾನೆ." ಅವನ ಬೆಣ್ಣೆ ಅದು.

ಆಮೇಲೆ ಮೇಲಿನ ಬೋಲ್ಟ್ ಬಿಚ್ಚಿದರು. ಬಲಗಡೆಯದರಿಂದ ಸ್ಪ್ರಿಂಗ್ ಬಂತು. ಎಡಗಡೆಯದನ್ನು ಬಗ್ಗಿಸಿದರೆ ಟಣ್ ಟಣ್ ಅಂತ ನಾಣ್ಯ ಬಿದ್ದವು. ಐವತ್ತು ಪೈಸೆ ನಾಣ್ಯ, ಏಳು! ಆ ಕಡೆ ಸ್ಪ್ರಿಂಗ್ ಕುಗ್ಗಿಹೋಗಿತ್ತು, ಪಕ್ಕಪಕ್ಕ ನಿಲ್ಲಿಸಿದರೆ ಅರ್ಧ ಬೆರಳ ದಪ್ಪದಷ್ಟು ಗಿಡ್ಡ. ಎತ್ತರ ಸರಿದೂಗಿಸೋಕೆ ಚಿಲ್ಲರೆ ಜೋಡಿಸಿದ್ದ. 9,500 ಕೊಟ್ಟವನಿಗೆ ಮೂರೂವರೆ ರೂಪಾಯಿ ವಾಪಸ್ ಬಂತು ಅಂತ ಗ್ಯಾರೇಜಿನ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ, ಏನು ಮಾಡೋದು.

ನಿಜವಾಗಿ ಹೊಟ್ಟೆ ತೊಳಸಿದ್ದು ಆಮೇಲೆ. ಚಾಚಾ ಒಳಗಿನ ಪೈಪನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ದಪ್ಪ ಗಾಜಿನ ಹಲಗೆ ಮೇಲೆ ಇಟ್ಟು ಬೆರಳಲ್ಲಿ ಉರುಳಿಸಿದರು. ನೆಟ್ಟಗಿರೋ ಪೈಪು ಸದ್ದಿಲ್ಲದೆ ಉರುಳಬೇಕು. ಇದು ಒಂದೊಂದು ಸುತ್ತಿಗೂ ಏಳುತ್ತಿತ್ತು, ಬೀಳುತ್ತಿತ್ತು. ಟಕ್. ಟಕ್. ಟಕ್. ಬಗ್ಗಿ ನೋಡಿದರೆ ಪೈಪಿನ ಅಡಿಯಿಂದ ಆ ಕಡೆಯ ಬೆಳಕು ಕಾಣುತ್ತಿತ್ತು. ಕೆಳಗಿನ ಟಿ (ಎರಡೂ ಪೈಪನ್ನು ಹ್ಯಾಂಡಲ್ ಕೆಳಗೆ ಹಿಡಿದಿಡೋ ಬ್ರಾಕೆಟ್) ಹಿಡಿಯೋ ಜಾಗದ ಸ್ವಲ್ಪ ಕೆಳಗೆ ಬೆಂಡು. ಎದುರಿಗೆ ಗುದ್ದಿದ ಗಾಡಿಯಲ್ಲಿ ಬೆಂಡ್ ಬರೋದು ಜಾಸ್ತಿ ಅಲ್ಲೇ. ಪ್ರೆಸ್ಸಿಗೆ ಕೊಟ್ಟು ಅರೆಬರೆ ನೆಟ್ಟಗೆ ಮಾಡಿಸಿದ್ದ. ಸೀಲ್ ಓಡಾಡೋ ಜಾಗದಲ್ಲಿ ಚಾಚಾ ಉಗುರು ಎಳೆದರು, ಬೂದು ಬಣ್ಣದ ಚೂರು ಎದ್ದು ಬಂತು. ಎಂ-ಸೀಲ್! ನಲ್ಲಿ ಸೋರಿದರೆ ಮೆತ್ತೋ ಅಂಟು! ತುಕ್ಕಿನ ಗುಂಡಿಗೆ ಎಂ-ಸೀಲ್ ಮೆತ್ತಿ ಬಫ್ ಹೊಡೆಸಿದ್ದ. ಅದು ಕಿತ್ತುಬಂದ ಗುಂಡಿಯ ಅಂಚು ಹೊಸ ಸೀಲಿನ ತುಟಿಯನ್ನು ಕುಯ್ಯುತ್ತಿತ್ತು. ನಾನು ಸೀಲ್ ಮೇಲೆ ಸೀಲ್ ಹಾಕುತ್ತಾ ಕೂತಿದ್ದೆ.

ಇನ್ನು ಅವನ ಉತ್ತರ ಕೇಳಿ. ಫೋಟೋ, ವಿಡಿಯೋ ಎಲ್ಲಾ ಕಳಿಸಿದೆ. ಮೊದಲು, "ಸಾರ್ ನಿಮಗೆ ಫಿಟ್ಟಿಂಗ್ ಬಂದಿಲ್ಲ, ಟಿ ಬೆಂಡ್ ಇರಬೇಕು, ಚೆಕ್ ಮಾಡಿಸಿ." ಟಿ ಸರಿಯಾಗಿದೆ ಅಂತ ವಿಡಿಯೋ ಕಳಿಸಿದರೆ, "ಹಳೇ ಗಾಡಿ ಅಂದಮೇಲೆ ಅಷ್ಟು ಇದ್ದೇ ಇರುತ್ತೆ ಸಾರ್." ನಾಣ್ಯದ ಫೋಟೋಗೆ ಒಂದು ನಗುವ ಎಮೋಜಿ. ನಗುವ ಎಮೋಜಿ! ಆಮೇಲೆ ವಾಯ್ಸ್ ಮೆಸೇಜ್: "ನೀವೇ ನೋಡಿ, ಒತ್ತಿ, ತೃಪ್ತಿಯಾಗಿ ತಗೊಂಡಿದ್ದೀರಾ ಬ್ರೋ. ಗುಜರಿ ಮಾಲಿಗೆ ಯಾರು ಗ್ಯಾರಂಟಿ ಕೊಡ್ತಾರೆ?" ದುಡ್ಡು ಕೊಡೋವರೆಗೆ ಜಪಾನ್ ಮಾಲ್, ಸಾರ್. ಕೊಟ್ಟಮೇಲೆ ಗುಜರಿ ಮಾಲ್, ಬ್ರೋ. ಹೋಗಲಿ, ನನ್ನ ಹಳೇದನ್ನಾದರೂ ವಾಪಸ್ ಕೊಡು, 800 ಕೊಡ್ತೀನಿ ಅಂದೆ. "ಅದು ತೂಕಕ್ಕೆ ಹಾಕಿಬಿಟ್ಟೆ" ಅಂದ. ಮರುದಿನ ಬ್ಲಾಕ್.

ಹಾಗಾಗಿ ದಯವಿಟ್ಟು, ಬಿಚ್ಚೋಕೆ ಬಿಡದವನ ಹತ್ತಿರ ತಗೋಬೇಡಿ. ಹಗಲಲ್ಲಿ ಹೋಗಿ. ಒಂದು ಬಟ್ಟೆ, ಸ್ವಲ್ಪ ಪೆಟ್ರೋಲ್ ತಗೊಂಡು ಹೋಗಿ ಪೈಪ್ ಒರೆಸಿ ಉಗುರು ಎಳೆಯಿರಿ, ಗಾಜಿನ ಮೇಲೆ ಉರುಳಿಸಿ, ಎರಡೂ ಸ್ಪ್ರಿಂಗ್ ಪಕ್ಕಪಕ್ಕ ಇಟ್ಟು ನೋಡಿ. ಒತ್ತಿ ನೋಡೋದನ್ನು ಮಾತ್ರ ನಂಬಬೇಡಿ, ನಾನು ಕೆಟ್ಟಿದ್ದು ಅದರಿಂದಲೇ. ನಿಮ್ಮ ಹಳೇ ಪೈಪು ನೆಟ್ಟಗಿದ್ದು ಬರೀ ತುಕ್ಕು ಹಿಡಿದಿದ್ದರೆ ಪೀಣ್ಯದಲ್ಲಿ ಹಾರ್ಡ್ ಕ್ರೋಮ್ ಮಾಡೋರು ಇದ್ದಾರೆ, ಕೆರೆದು ಕ್ರೋಮ್ ಹಾಕಿ ಅಳತೆಗೆ ಗ್ರೈಂಡ್ ಮಾಡಿ ಕೊಡುತ್ತಾರೆ. ಚಾಚಾ ಕೇಳಿದ್ದೂ ಇದೇ. "ನಿನ್ನ ಹಳೇದು ಎಲ್ಲಿ? ಅದಕ್ಕೇ ಕ್ರೋಮ್ ಹಾಕಿಸಿದ್ದರೆ ಆಗಿತ್ತಲ್ಲ." ಏನಂತ ಉತ್ತರ ಕೊಡಲಿ?

ಹೋದ ವಾರ ಗೆಳೆಯನ ಫೋನಿನಲ್ಲಿ ಆ ಮನುಷ್ಯನ ಹೊಸ ಜಾಹೀರಾತು ನೋಡಿದೆ. "ಆರ್‌ಎಕ್ಸ್ 100 ಫೋರ್ಕ್, ಒರಿಜಿನಲ್ ಜಪಾನ್, 11,000, ಫಿಕ್ಸೆಡ್." ಫೋಟೋ ದೊಡ್ಡದು ಮಾಡಿ ನೋಡಿದರೆ ಎಡಗಡೆ ಬಾಟಮ್ (ಫೋರ್ಕಿನ ಕೆಳಗಿನ ದಪ್ಪ ಕೊಳವೆ) ಮೇಲೆ, ಆಕ್ಸಲ್ ಹತ್ತಿರ, ಸೆಂಟರ್ ಪಂಚಿನಲ್ಲಿ ಹೊಡೆದ ಮೂರು ಚುಕ್ಕಿ. ನಮ್ಮ ಬೀದಿಯಲ್ಲಿ ಗಾಡಿ ಕಳ್ಳತನ ಜಾಸ್ತಿ ಆಗಿದ್ದಾಗ ಗುರುತಿಗೆ ಅಂತ ಅಪ್ಪ ಹೊಡೆದದ್ದು. ತೂಕಕ್ಕೆ ಹಾಕಿದ್ದನಂತೆ!

ಆ ಮೂರು ಚುಕ್ಕಿಯ ಫೋರ್ಕ್ ಯಾರಿಗಾದರೂ ಕಂಡರೆ ಕೇಳಿ: ಅದು ಬೆಂಡ್ ಇಲ್ಲ, ಸ್ಪ್ರಿಂಗ್ ಎರಡೂ ಸಮ ಇವೆ. ಈಗ ಹೊಳೆಯುತ್ತಿದೆಯಲ್ಲ, ಆ ಹೊಳಪಿನ ಕೆಳಗೆ ಎಂ-ಸೀಲ್ ಇರುತ್ತೆ. 800ಕ್ಕಿಂತ ಜಾಸ್ತಿ ಕೊಡಬೇಡಿ. ತಗೊಂಡರೆ ನನಗೊಂದು ಮಾತು ತಿಳಿಸಿ.